ಗ್ರಾಮಸಭೆ ಕೂಗಾಟದಲ್ಲೇ ಮುಗಿದರೆ?

ಪ್ರಶ್ನೆ (ಸಕಲೇಶಪುರ): ನೀರಿನ ಮಾತೆತ್ತಿದರೆ ಸಾಕು, "ನೀವು ಯಾವ ಪಕ್ಷ?" ಅಂತ ಶುರು. ಮೈಕ್ ಕಿತ್ತಾಟದಲ್ಲೇ ಸಭೆ ಬರಖಾಸ್ತು. ದಾರಿ ಏನು?

ಉತ್ತರ (ಮೂಡಿಗೆರೆ): ಮೈಕಿಗೆ ಕಾಯಬೇಡಿ ಸಾರ್. ವಾರ್ಡ್ ಸಭೆಯಲ್ಲೇ ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಯಾವ ಬೀದಿ, ಎಷ್ಟು ಮನೆ, ಎಷ್ಟು ದಿನದಿಂದ ನೀರಿಲ್ಲ, ಅಷ್ಟೇ ಬರೀರಿ. "ಊರಿಗೆ ಅನ್ಯಾಯ" ಅಂದರೆ ಗಲಾಟೆಗೆ ತುಪ್ಪ ಸುರಿದಂಗೆ.

ಉತ್ತರ (ಬೇಲೂರು): ನಡಾವಳಿ ಪುಸ್ತಕ (ಸಭೆಯ ನಿರ್ಣಯ ಬರೆಯೋ ಪುಸ್ತಕ) ಓದಿಸದೆ ಸಹಿ ಹಾಕಬೇಡಿ. ಖಾಲಿ ಹಾಳೇಲಿ ಹಾಜರಿ ಸಹಿ ತಗೊಂಡರೆ, ಜನ ಚದುರಿದ ಮೇಲೆ ನಿರ್ಣಯ ತುರುಕಬಹುದು. ಆ ಪುಸ್ತಕದ ಪ್ರತಿ ಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಅವರು ಉತ್ತರ ಕೊಡಲು ಗಡುವು 30 ದಿನ. ಒಂದೇ ವಿಷಯ, 150 ಪದದೊಳಗೆ.

ಉತ್ತರ (ಆಲೂರು): ಎದುರು ಪಕ್ಷದವರ ಬೀದಿಗೂ ಅದೇ ಪೈಪು ತಾನೇ? ನೀರಿನ ದೂರಿಗೆ ಅವರದೂ ನಾಲ್ಕು ಸಹಿ ಹಾಕಿಸಿ.