‘ರೆನ್’ಗೆ ಕನ್ನಡದಲ್ಲಿ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಕನ್‌ಫ್ಯೂಷಿಯಸ್‌ನ ಮಾತುಗಳ ಸಂಗ್ರಹ ಪ್ರಾಚೀನ ಚೀನಿ ಗ್ರಂಥ ‘ಲುನ್ ಯು’ವಿನ ಕೆಲವು ಭಾಗಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮನುಷ್ಯನ ದೊಡ್ಡ ಗುಣವೊಂದನ್ನು ಹೇಳುವ ‘ರೆನ್’ ಎಂಬ ಪದದ ಹತ್ತಿರ ಕೆಲಸ ನಿಂತಿದೆ. ದಯೆ, ಕರುಣೆ, ಒಳ್ಳೆಯತನ, ಎಲ್ಲವನ್ನೂ ಇಟ್ಟು ನೋಡಿದೆ. ಒಂದು ಕಡೆ ಹೊಂದಿದ್ದು ಇನ್ನೊಂದು ಕಡೆ ಹೊಂದುವುದಿಲ್ಲ.

12ನೇ ಅಧ್ಯಾಯವನ್ನೇ ನೋಡಿ. ರೆನ್ ಅಂದರೇನು ಅಂತ ಶಿಷ್ಯರು ಒಬ್ಬೊಬ್ಬರಾಗಿ ಕೇಳುತ್ತಾರೆ. ಯಾನ್ ಯುವಾನ್‌ಗೆ ಸಿಗುವ ಉತ್ತರ, ನಿನ್ನನ್ನು ಹಿಡಿತದಲ್ಲಿಟ್ಟುಕೊಂಡು ರೀತಿ ರಿವಾಜಿಗೆ ಮರಳು. ಫಾನ್ ಚಿಗೆ ಬರೀ ಇಷ್ಟೇ: ಜನರನ್ನು ಪ್ರೀತಿಸು. ಸಿಮಾ ನ್ಯೂಗೆ ಮಾತ್ರ, ರೆನ್ ಇರುವವನು ತಡೆದು ತಡೆದು ಮಾತಾಡುತ್ತಾನೆ ಅಂತ ಗುರು ಅನ್ನುತ್ತಾನೆ. ‘ಅಷ್ಟಿದ್ದರೆ ಸಾಕಾ?’ ಅಂತ ಸಿಮಾ ನ್ಯೂ ಮತ್ತೆ ಕೇಳುತ್ತಾನೆ. ಮಾಡುವುದು ಕಷ್ಟ ಇರುವಾಗ ಮಾತು ತಡೆಯದೆ ಬರುತ್ತದೆಯೇ ಅಂತ ಗುರು ಹೇಳುತ್ತಾನೆ. ಸಿಮಾ ಚಿಯನ್ ಬರೆದ ಇತಿಹಾಸದಲ್ಲಿ ಈ ಶಿಷ್ಯ ಮಾತು ಜಾಸ್ತಿ, ದುಡುಕಿನವನು ಎಂದಿದೆ. ಅಂದರೆ ಉತ್ತರ ಕೇಳಿದವನನ್ನು ನೋಡಿ ಕೊಟ್ಟದ್ದು ಅಲ್ವಾ?

ಗ್ರೀಕ್ ತತ್ವಜ್ಞಾನಿ ಪ್ಲೇಟೊನ ‘ಯೂಥಿಫ್ರೊ’ ಸಂವಾದದಲ್ಲಿ ಇದು ತಿರುಗುಮುರುಗು: ಕೇಳುವವನು ಗುರು ಸಾಕ್ರೆಟಿಸನೇ. ದೈವಭಕ್ತಿ ಅಂದರೇನು? ಕೂಲಿಯವನ ಸಾವಿಗೆ ಕಾರಣನಾದ ತನ್ನ ತಂದೆಯ ಮೇಲೇ ದಾವೆ ಹೂಡಲು ಬಂದ ಯೂಥಿಫ್ರೊ, ‘ನಾನೀಗ ಮಾಡುತ್ತಿರುವುದೇ’ ಅನ್ನುತ್ತಾನೆ. ಸಾಕ್ರೆಟಿಸ್ ಒಪ್ಪುವುದಿಲ್ಲ. ಉದಾಹರಣೆ ಬೇಡ, ಅಂಥ ಎಲ್ಲ ಕೆಲಸಗಳಲ್ಲೂ ಒಂದೇ ಆಗಿರುವುದನ್ನು ಹೇಳು ಎಂದು ಪಟ್ಟು ಹಿಡಿಯುತ್ತಾನೆ.

ಹಾಗಂತ ಚೀನಾದವರಿಗೆ ವ್ಯಾಖ್ಯೆ ಬೇಕಿರಲಿಲ್ಲ ಅನ್ನುವಂತಿಲ್ಲ. ಅಲ್ಲಿನ ಇನ್ನೊಬ್ಬ ಚಿಂತಕ ಮೋಜಿಯ ಪಂಥದವರು ವೃತ್ತಕ್ಕೆ ‘ಒಂದೇ ನಡು, ಸಮ ಅಳತೆ’ ಎಂದು ಚೊಕ್ಕವಾಗಿ ಬರೆದರು. ರೆನ್‌ಗೂ ವ್ಯಾಖ್ಯೆ ಕೊಟ್ಟರು.

ಒಂದೊಂದು ಉತ್ತರಕ್ಕೆ ಒಂದೊಂದು ಪದ ಬಳಸಲು ನನಗೆ ಮನಸ್ಸಿಲ್ಲ. ಹಾಗೆ ಮಾಡಿದರೆ ಶಿಷ್ಯರೆಲ್ಲ ಕೇಳಿದ್ದು ಒಂದನ್ನೇ ಎಂಬುದು ಓದುಗರಿಗೆ ಗೊತ್ತೇ ಆಗುವುದಿಲ್ಲ. ನನ್ನ ಒಲವು ‘ಮನುಷ್ಯತ್ವ’ದ ಕಡೆ. ಚೀನಿಯಲ್ಲಿ ‘ಮನುಷ್ಯ’ ಎಂಬ ಪದದ ಉಚ್ಚಾರವೂ ರೆನ್. ಬರೆಯುವಾಗ ಮಾತ್ರ ಈ ಗುಣಕ್ಕೆ ಮನುಷ್ಯನ ಗುರುತಿನ ಪಕ್ಕ ‘ಎರಡು’ ಸೇರುತ್ತದೆ.

ಆದರೆ ತೊಡಕು ಇಲ್ಲಿದೆ. ನಮ್ಮಲ್ಲಿ ಮನುಷ್ಯತ್ವ ಎಲ್ಲರಲ್ಲೂ ಇರಲೇಬೇಕಾದದ್ದು. ‘ಮನುಷ್ಯತ್ವ ಇಲ್ಲದವನು’ ಅಂತ ಬೈಯುತ್ತೇವೆ, ‘ಇರುವವನು’ ಅಂತ ಹೊಗಳುವುದು ಕಡಿಮೆ. ಕನ್‌ಫ್ಯೂಷಿಯಸ್‌ಗೆ ಅದು ಬಹಳ ಎತ್ತರದ್ದು. ತನಗೆ ರೆನ್ ಇದೆ ಅನ್ನಲೂ ಅವನು ಒಪ್ಪುವುದಿಲ್ಲ.

ಇಷ್ಟು ಎತ್ತರವನ್ನು ಹೊರಬಲ್ಲ ಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ? ಸಿಮಾ ನ್ಯೂನ ಸಾಲಿನಲ್ಲಿಟ್ಟು ಓದಿ ನೋಡಿ ತಿಳಿಸಿ. ಸಿಗದಿದ್ದರೆ ‘ರೆನ್’ ಅಂತಲೇ ಉಳಿಸುತ್ತೇನೆ.