ಆಟದೊಳಗಿನ ಹಣದುಬ್ಬರ ಅಳೆಯೋಕೆ ಯಾವ ಡೇಟಾ ಸಾಕು? ಡೆವಲಪರ್‌ಗಳ ಹತ್ತಿರ ಏನು ಕೇಳಬೇಕು?

ಅಂಕಿಹುಳು

ಎಂ.ಎ. ಅರ್ಥಶಾಸ್ತ್ರದ ಕಿರುಪ್ರಬಂಧಕ್ಕೆ ಆರಿಸಿಕೊಂಡ ವಿಷಯ: ಆನ್‌ಲೈನ್ ಗೇಮ್‌ಗಳಲ್ಲಿ ಹಣದುಬ್ಬರ. ಈವ್ ಆನ್‌ಲೈನ್ ಮತ್ತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎರಡನ್ನೂ ಹೋಲಿಸಬೇಕು ಅಂತ ಯೋಚನೆ. ಆರು ತಿಂಗಳು ಸಮಯ ಇದೆ. ಎಪಿಐ (ಕಂಪನಿ ತನ್ನ ಡೇಟಾವನ್ನ ಹೊರಗಿನ ಪ್ರೋಗ್ರಾಂಗಳಿಗೆ ಕೊಡೋ ದಾರಿ) ಮೂಲಕ ಸಿಗೋ ಮಾರುಕಟ್ಟೆ ಬೆಲೆಗಳಷ್ಟೇ ಇದಕ್ಕೆ ಸಾಕಾ, ಅಥವಾ ಕಂಪನಿಯಿಂದಲೇ ಸರ್ವರ್ ಲಾಗ್ (ಆಟದಲ್ಲಿ ನಡೆದದ್ದರ ದಾಖಲೆ) ತರಿಸಿಕೊಳ್ಳಬೇಕಾ? ಕೇಳೋದಾದರೆ ಯಾರನ್ನ, ಯಾವ ರೀತಿ ಕೇಳೋದು? "ನಿಮ್ಮ ಡೇಟಾ ಕೊಡಿ" ಅಂತ ಬರೆದರೆ ಉತ್ತರ ಬರಲ್ಲ ಅಂತ ಗೊತ್ತು.

ಸಂತೆಲೆಕ್ಕ

ಎರಡನ್ನೂ ಹೋಲಿಸೋಕೆ ಮುಂಚೆ ಒಂದು ವಿಷಯ ತಲೆಯಲ್ಲಿರಲಿ: ಈ ಎರಡು ಎಪಿಐಗಳು ಕೊಡೋದು ಒಂದೇ ವಸ್ತುವನ್ನಲ್ಲ. ಈವ್ ಕೊಡೋದು ನಡೆದ ವ್ಯಾಪಾರ, ವಾರ್‌ಕ್ರಾಫ್ಟ್ ಕೊಡೋದು ಮಾರುವವರು ಕೇಳಿದ ಬೆಲೆ.

ಈವ್‌ನ ಮಾರುಕಟ್ಟೆ ಇತಿಹಾಸದಲ್ಲಿ ಪ್ರತಿ ವಲಯಕ್ಕೆ, ಪ್ರತಿ ವಸ್ತುವಿಗೆ ದಿನಕ್ಕೊಂದು ಸಾಲು: ಸರಾಸರಿ, ಗರಿಷ್ಠ, ಕನಿಷ್ಠ ಬೆಲೆ, ಆರ್ಡರ್ ಸಂಖ್ಯೆ, ಮಾರಾಟವಾದ ಪ್ರಮಾಣ. ಈವ್‌ನ ದೊಡ್ಡ ವ್ಯಾಪಾರ ಕೇಂದ್ರ ಜೀಟಾ ಇರೋ ದ ಫೋರ್ಜ್ ವಲಯದ ಸಂಖ್ಯೆ 10000002, ಟ್ರಿಟೇನಿಯಂ ಖನಿಜದ ಸಂಖ್ಯೆ 34. ಇವೆರಡರಿಂದ ಶುರು ಮಾಡಿ ಕೋಡ್ ಸರಿಯಿದೆಯಾ ನೋಡಿ. ವ್ಯಾಪಾರವೇ ನಡೆಯದ ದಿನದ ಸಾಲು ಇರೋದೇ ಇಲ್ಲ. ಪ್ರಮಾಣಕ್ಕೆ ಅಲ್ಲಿ ಸೊನ್ನೆ ಹಾಕಬೇಕು, ಬೆಲೆಗೆ ಹಾಕಬಾರದು. ಇದನ್ನ ಉಲ್ಟಾ ಮಾಡಿದರೆ ಅಪರೂಪದ ಹಡಗುಗಳ ಬೆಲೆ ನೆಲಕಚ್ಚಿದ ಹಾಗೆ ಗ್ರಾಫ್ ಬರುತ್ತೆ. ಇತಿಹಾಸ ಸುಮಾರು ಒಂದು ವರ್ಷದ್ದು ಮಾತ್ರ ಸಿಗೋದು, ಹಾಗಾಗಿ ಇವತ್ತಿನಿಂದಲೇ ದಿನಕ್ಕೊಮ್ಮೆ ಇಳಿಸಿ ಇಟ್ಟುಕೊಳ್ಳಿ.

ವಾರ್‌ಕ್ರಾಫ್ಟ್‌ನಲ್ಲಿ ಗಂಟೆಗೊಮ್ಮೆ ಹರಾಜುಕಟ್ಟೆಯ ಆ ಕ್ಷಣದ ಚಿತ್ರ (ಮಾರಾಟಕ್ಕಿಟ್ಟಿದ್ದರ ಪಟ್ಟಿ) ಸಿಗುತ್ತೆ, ಅಷ್ಟೆ. ಯಾರೋ ಒಬ್ಬ ಒಂದು ಸೊಪ್ಪಿಗೆ ಹತ್ತು ಲಕ್ಷ ಚಿನ್ನ ಅಂತ ಹಾಕಿ ಕೂತಿರಬಹುದು, ಅದೂ ಪಟ್ಟಿಯಲ್ಲಿರುತ್ತೆ. ಸರಾಸರಿ ತೆಗೆಯಲೇಬೇಡಿ. ಅಗ್ಗದ ಕಡೆಯಿಂದ ಎಣಿಸುತ್ತಾ ಹೋಗಿ, ಒಟ್ಟು ಪ್ರಮಾಣದ ಮೊದಲ ಶೇ. 10–15 ಎಲ್ಲಿಗೆ ಮುಟ್ಟುತ್ತೋ ಅಲ್ಲಿಯ ಬೆಲೆ ತೆಗೆದುಕೊಳ್ಳಿ. ಮಾರಾಟ ಆಗಿದೆಯಾ ಅಂತ ಊಹಿಸೋಕೆ ಎರಡು ಚಿತ್ರಗಳ ನಡುವೆ ಮಾಯವಾದ ಸಾಲುಗಳನ್ನ ಹುಡುಕಬಹುದು. "ಉಳಿದ ಸಮಯ: ಬಹಳ" ಅಂತಿದ್ದ ಸಾಲು ಮುಂದಿನ ಗಂಟೆಗೆ ಇಲ್ಲ ಅಂದರೆ ಅವಧಿ ಮುಗಿದದ್ದಂತೂ ಅಲ್ಲ, ಮಾರಾಟ ಅಥವಾ ವಾಪಸ್. ಆ ಎರಡನ್ನ ಹೊರಗಿನಿಂದ ಬೇರ್ಪಡಿಸೋಕೆ ಆಗಲ್ಲ. ಬೆಲೆಗಳು ತಾಮ್ರದ ನಾಣ್ಯದಲ್ಲಿರುತ್ತವೆ, 10,000 ತಾಮ್ರಕ್ಕೆ ಒಂದು ಚಿನ್ನ. 2022ರ 9.2.7 ಪ್ಯಾಚ್‌ನಿಂದ (ಆಟದ ಅಪ್‌ಡೇಟ್) ಕಚ್ಚಾಸಾಮಗ್ರಿಗಳ ಮಾರುಕಟ್ಟೆ ಇಡೀ ಪ್ರದೇಶಕ್ಕೆ ಒಂದೇ ಆಯ್ತು. ಅದಕ್ಕೂ ಹಿಂದಿನ ಸರ್ವರ್‌ವಾರು ಬೆಲೆಗಳನ್ನ ಅದರ ಮುಂದಕ್ಕೆ ಹಾಗೇ ಜೋಡಿಸಬಾರದು.

ಸೂಚ್ಯಂಕಕ್ಕೆ ಫಿಶರ್ ಸೂತ್ರ (ಹಿಂದಿನ ಮತ್ತು ಈಗಿನ ಮಾರಾಟ ಪ್ರಮಾಣ ಎರಡನ್ನೂ ತೂಕವಾಗಿ ಬಳಸೋದು), ತಿಂಗಳಿಗೊಮ್ಮೆ ಸರಪಳಿ, ಅಂದರೆ ಪ್ರತಿ ತಿಂಗಳನ್ನ ಹಿಂದಿನದಕ್ಕೆ ಹೋಲಿಸಿ ಗುಣಿಸುತ್ತಾ ಹೋಗೋದು. ದಿನಕ್ಕೊಮ್ಮೆ ಸರಪಳಿ ಕಟ್ಟಿದರೆ ಬೆಲೆ ಏರಿ ಇಳಿದು ಮೊದಲಿನ ಜಾಗಕ್ಕೇ ಬಂದರೂ ಸೂಚ್ಯಂಕ ಬರಲ್ಲ, ಬೇರೆ ಕಡೆ ನಿಂತಿರುತ್ತೆ. ಫಿಶರ್‌ಗೆ ಮಾರಾಟದ ಪ್ರಮಾಣ ಬೇಕು, ಅದು ಇರೋದು ಈವ್‌ನಲ್ಲಿ ಮಾತ್ರ. ವಾರ್‌ಕ್ರಾಫ್ಟ್‌ಗೆ ತೂಕವಿಲ್ಲದ ಗುಣೋತ್ತರ ಸರಾಸರಿಗೇ ತೃಪ್ತಿಪಡಬೇಕು.

ತೂಬುಗಾರ

ಸಂತೆಲೆಕ್ಕ ಅವರು ಹೇಳಿದ್ದು ಸರಿ, ಆದರೆ ಅದರಿಂದ ಬೆಲೆ ಏರಿದ್ದು ಗೊತ್ತಾಗುತ್ತೆ, ಯಾಕೆ ಏರಿತು ಅನ್ನೋದು ಗೊತ್ತಾಗಲ್ಲ. ಆಟದ ಹಣ ಕೆರೆ ಇದ್ದ ಹಾಗೆ. ರಾಕ್ಷಸನನ್ನ ಕೊಂದಾಗ ಸರ್ವರ್ ಹೊಸ ಹಣ ಹುಟ್ಟಿಸುತ್ತೆ, ಅದು ಒಳಹರಿವು. ದುರಸ್ತಿ ಖರ್ಚು, ಹರಾಜಿನ ಶೇ. 5 ಕಡಿತ ಇವೆಲ್ಲ ತೂಬು, ಅಲ್ಲಿ ಹಣ ಕಾಣೆಯಾಗುತ್ತೆ. ಆಟಗಾರರ ನಡುವಿನ ಕೊಡುಕೊಳ್ಳುವಿಕೆಯಿಂದ ಕೆರೆಯ ಮಟ್ಟ ಬದಲಾಗಲ್ಲ. ಒಳಹರಿವು, ತೂಬು ಎರಡೂ ಎಪಿಐಯಲ್ಲಿ ಇಲ್ಲ.

ಈ ವಿಷಯದಲ್ಲಿ ಈವ್ ಉದಾರಿ. ಈವ್ ಮಾಡಿದ ಸಿಸಿಪಿ ಕಂಪನಿ 2007ರಲ್ಲೇ ಎಯೋಲ್ಫರ್ ಗುಡ್ಮುಂಡ್ಸನ್ ಅನ್ನೋ ಅರ್ಥಶಾಸ್ತ್ರಜ್ಞರನ್ನ ಕೆಲಸಕ್ಕೆ ತೆಗೆದುಕೊಂಡಿತ್ತು (2014ರಲ್ಲಿ ಅವರು ಅಕುರೇರಿ ವಿಶ್ವವಿದ್ಯಾಲಯದ ರೆಕ್ಟರ್ ಆಗಿ ಹೋದರು). ಈಗಲೂ ಮಾಸಿಕ ಆರ್ಥಿಕ ವರದಿ ಬರುತ್ತೆ, ಜೊತೆಗೆ ಕಚ್ಚಾ ಅಂಕಿಗಳ ಜಿಪ್ ಕಡತವೂ. ಒಳಹರಿವು ಮತ್ತು ತೂಬಿನ ಪಟ್ಟಿ, ಖನಿಜ ಬೆಲೆ ಸೂಚ್ಯಂಕ, ಗ್ರಾಹಕ ಬೆಲೆ ಸೂಚ್ಯಂಕ ಎಲ್ಲ ಅದರಲ್ಲೇ ಇವೆ. "ಸಕ್ರಿಯ ಇಸ್ಕ್ ವ್ಯತ್ಯಾಸ" (ಇಸ್ಕ್ ಅಂದರೆ ಈವ್‌ನ ಹಣ) ಅನ್ನೋ ಸಾಲನ್ನ ಹೊಸಬರು ಗಮನಿಸದೇ ಬಿಡ್ತಾರೆ. ಆಟ ಬಿಟ್ಟವರ ಖಾತೆಯ ಹಣ ಸಕ್ರಿಯ ಮೊತ್ತದಿಂದ ಹೊರಗೆ, ಮರಳಿ ಬಂದವರದ್ದು ಒಳಗೆ. ಅದನ್ನ ಬಿಟ್ಟು ಕೂಡಿದರೆ ತಿಂಗಳ ಕೊನೆಯ ಮೊತ್ತ ತಾಳೆಯಾಗಲ್ಲ.

ಹಳೇ ಬೆಲೆಪಟ್ಟಿ ಬಳಸೋದಾದರೆ ಇನ್ನೊಂದು ಗುಂಡಿ: 2017ರ ಮೇನಲ್ಲಿ ಒಂದು ಹಳೇ ಪ್ಲೆಕ್ಸ್ (ನಿಜದ ದುಡ್ಡಿಗೆ ಕೊಂಡು ಆಟದ ಹಣಕ್ಕೆ ಮಾರಬಹುದಾದ ವಸ್ತು) 500 ಹೊಸ ಪ್ಲೆಕ್ಸ್ ಆಯ್ತು, ವಸ್ತು ಸಂಖ್ಯೆಯೂ 29668ರಿಂದ 44992ಕ್ಕೆ ಬದಲಾಯ್ತು. ಅದೇ ಬಗೆಯ ವಾರ್‌ಕ್ರಾಫ್ಟ್ ಟೋಕನ್ ಜೊತೆ ಪ್ಲೆಕ್ಸ್ ಹೋಲಿಸೋ ಆಸೆ ಎಲ್ಲರಿಗೂ ಬರುತ್ತೆ. ಪ್ಲೆಕ್ಸ್ ಬೆಲೆ ಆಟಗಾರರ ಆರ್ಡರ್‌ಗಳಿಂದ ಕುದುರುತ್ತೆ; 2015ರಲ್ಲಿ ಬಂದ ಟೋಕನ್ನಿನ ಬೆಲೆಯನ್ನ ವಾರ್‌ಕ್ರಾಫ್ಟ್ ಕಂಪನಿ ಬ್ಲಿಝಾರ್ಡ್‌ನ ಸೂತ್ರ ನಿಗದಿ ಮಾಡುತ್ತೆ. ಎರಡನ್ನೂ ವಿನಿಮಯ ದರ ಅಂತ ಕರೆದು ಒಂದೇ ಗ್ರಾಫ್‌ಗೆ ಹಾಕಿದರೆ ಪರೀಕ್ಷಕರು ಮೊದಲು ಹಿಡಿಯೋದು ಅದನ್ನೇ.

ಬಗ್‌ಗಳನ್ನೂ ಮರೆಯಬೇಡಿ. 2013ರ ಮೇನಲ್ಲಿ ಬ್ಲಿಝಾರ್ಡ್‌ನದ್ದೇ ಇನ್ನೊಂದು ಆಟ ಡಯಾಬ್ಲೊ 3ರ 1.0.8 ಪ್ಯಾಚ್ ಬಂದಾಗ ಹರಾಜಿನ ದೋಷದಿಂದ ಕೆಲವರು ಚಿನ್ನವನ್ನ ದುಪ್ಪಟ್ಟು ಮಾಡಿಕೊಂಡರು. ಅಂಥ ವಾರದ ಬೆಲೆ ಏರಿಕೆಯನ್ನ ಬೇಡಿಕೆ-ಪೂರೈಕೆಯಿಂದ ವಿವರಿಸೋಕೆ ಹೊರಟರೆ ನಗೆಪಾಟಲು. ಪ್ಯಾಚ್ ಟಿಪ್ಪಣಿಗಳ ದಿನಾಂಕಗಳನ್ನ ಒಂದು ಪ್ರತ್ಯೇಕ ಕಾಲಮ್ಮಿನಲ್ಲಿ ಇಟ್ಟುಕೊಳ್ಳಿ.

ಕರಾರುಪತ್ರ

ಎರಡನೇ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಬರೀತೀನಿ.

ಕಂಪನಿ ಡೇಟಾ ಕೊಡದಿರೋದಕ್ಕೆ ಸಂಶೋಧನೆ ಮೇಲಿನ ಸಿಟ್ಟು ಕಾರಣ ಅಲ್ಲ. ಒಬ್ಬ ಎಂಜಿನಿಯರ್‌ನ ಎರಡು ವಾರ, ವಕೀಲರ ಒಂದು ತಿಂಗಳು, ಮೇಲಿಂದ "ಈ ಆಟದಲ್ಲಿ ಜೂಜಿನ ಚಟ" ಅಂತ ಸುದ್ದಿ ಬರೋ ಭಯ, ಇದಿಷ್ಟೇ. ನಿಮ್ಮ ಪತ್ರ ಈ ಮೂರನ್ನೂ ಸಣ್ಣದು ಮಾಡಬೇಕು.

ಹಾಗಾಗಿ ಲಾಗ್ ಕೇಳಬೇಡಿ, ಒಂದು ಕೋಷ್ಟಕ ಕೇಳಿ. ಮೂರೇ ಕಾಲಮ್: ದಿನಾಂಕ, ಒಳಹರಿವು ಅಥವಾ ತೂಬಿನ ವಿಧ, ಒಟ್ಟು ಮೊತ್ತ. ಅದರಲ್ಲಿ ಆಟಗಾರರ ಗುರುತೇ ಇಲ್ಲ, ಆದ್ದರಿಂದ ಯುರೋಪಿನ ಜಿಡಿಪಿಆರ್ (ಖಾಸಗಿ ಮಾಹಿತಿ ರಕ್ಷಣೆಯ ಕಾನೂನು) ತಲೆನೋವೂ ಬಹುಪಾಲು ತಪ್ಪುತ್ತೆ. ಪತ್ರ ಒಂದು ಪುಟ ಮೀರಬಾರದು. ಆರ್ಥಿಕ ವ್ಯವಸ್ಥೆಯ ಡಿಸೈನರ್ ಅಥವಾ ಡೇಟಾ ವಿಶ್ಲೇಷಕರಿಗೆ ಬರೆಯಿರಿ. ಗ್ರಾಹಕ ಸಹಾಯದ ಟಿಕೆಟ್ ಹಾಕಿದರೆ ಅಲ್ಲೇ ಸಾಯುತ್ತೆ. ದೊಡ್ಡ ವಿಸ್ತರಣೆ ಬಿಡುಗಡೆಗೆ ಮುಂಚಿನ ಎರಡು ತಿಂಗಳು ಯಾರಿಗೂ ಪುರುಸೊತ್ತಿರಲ್ಲ.

ಟೆಲಿಮೆಟ್ರಿಯಿಂದ (ಆಟದ ಘಟನೆಗಳನ್ನ ತಾನಾಗಿ ದಾಖಲಿಸೋ ವ್ಯವಸ್ಥೆ) ತೆಗೆದ ಅಂಕಿ ಕೊಡ್ತೀವಿ ಅಂದರೆ ಬೇಡ ಅನ್ನಿ, ಹಣದ ಲೆಡ್ಜರ್‌ನಿಂದ ಬೇಕು ಅನ್ನಿ. ಟೆಲಿಮೆಟ್ರಿ ಇರೋದು ಡಿಸೈನರ್‌ಗಳ ಅನುಕೂಲಕ್ಕೆ: ಸರ್ವರ್ ಒತ್ತಡದಲ್ಲಿ ಕೆಲವು ಘಟನೆ ಬಿದ್ದುಹೋಗ್ತವೆ, ಮರುಪ್ರಯತ್ನದಲ್ಲಿ ಕೆಲವು ಎರಡು ಸಲ ದಾಖಲಾಗ್ತವೆ, ಪ್ಯಾಚ್ ಬಂದಾಗ ಘಟನೆಯ ಹೆಸರೇ ಬದಲಾಗುತ್ತೆ. ತಪಾಸಣೆ ಸುಲಭ: ಆರಂಭದ ಶಿಲ್ಕು, ಕೂಡಿಸು ಒಳಹರಿವು, ಕಳೆ ತೂಬು, ಕೊನೆಯ ಶಿಲ್ಕಿಗೆ ಸರಿಹೊಂದಬೇಕು. ಹೊಂದದಿದ್ದರೆ ಸಾಮಾನ್ಯವಾಗಿ ಗಿಲ್ಡ್ ಬ್ಯಾಂಕ್ (ಆಟಗಾರರ ಗುಂಪಿನ ಖಜಾನೆ), ತಲುಪದ ಅಂಚೆಯಲ್ಲಿ ಸಿಕ್ಕಿಕೊಂಡ ಹಣ, ನಿಷೇಧಿತ ಖಾತೆಗಳು, ಈ ಮೂರರಲ್ಲಿ ಒಂದು ಬಿಟ್ಟುಹೋಗಿರುತ್ತೆ.

ಆಟಗಾರರ ಮಟ್ಟದ ವಿವರ ಬೇಕೇಬೇಕಾದರೆ ಕೋಡನ್ನೇ ಅವರ ಹತ್ತಿರ ಕಳಿಸಿ. ಅವರ ಕಾಲಮ್ ಹೆಸರುಗಳನ್ನ ಕೇಳಿ, ಹುಸಿ ಡೇಟಾದ ಮೇಲೆ ಓಡಿಸಿ ನೋಡಿ, ಅವರು ಒಳಗೆ ಓಡಿಸಿ ಫಲಿತಾಂಶದ ಕೋಷ್ಟಕ ಮಾತ್ರ ಹೊರಗೆ ಕೊಡಲಿ. ಹತ್ತಕ್ಕಿಂತ ಕಡಿಮೆ ಜನರಿರೋ ಕೋಶ ಖಾಲಿ ಬಿಡಿ. ಆಟಗಾರರ ಗುರುತಿನ ಸಂಖ್ಯೆಯನ್ನ ಹ್ಯಾಶ್ ಮಾಡಿದರೆ (ಅರ್ಥವಾಗದ ಸಂಕೇತವಾಗಿ ಬದಲಿಸಿದರೆ) ಸಾಕು ಅನ್ನೋದು ಭ್ರಮೆ: ಸರ್ವರ್‌ನ ಅತಿ ಶ್ರೀಮಂತ ಯಾರು ಅಂತ ಆಟದಲ್ಲಿರೋರಿಗೆಲ್ಲ ಗೊತ್ತು, ಮೊದಲ ಸಾಲು ನೋಡಿದರೆ ಹ್ಯಾಶ್ ಬಿಚ್ಚಿದ ಹಾಗೇ.

ಮಾದರಿ ಬೇಕಾದರೆ ಆಕ್ಸ್‌ಫರ್ಡ್‌ನವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಗೇಮ್ ಕಂಪನಿಗಳಾದ ಇಎ ಮತ್ತು ನಿಂಟೆಂಡೊ ಆಫ್ ಅಮೆರಿಕ ತಮ್ಮ ಆಟಗಾರರಿಗೆ ತಾವೇ ಆಹ್ವಾನ ಕಳಿಸಿದವು, ಒಪ್ಪಿದವರ ಆಟದ ಸಮಯವನ್ನ ಸಮೀಕ್ಷೆಯ ಉತ್ತರಕ್ಕೆ ಜೋಡಿಸಲಾಯ್ತು. ಒಟ್ಟು 3,274 ಜನ. ಉತ್ತರಿಸಿದವರ ಪ್ರಮಾಣ ತೀರಾ ಕಡಿಮೆ, ಆ ಮಿತಿಯನ್ನ ಅವರೇ ಬರೆದುಕೊಂಡಿದ್ದಾರೆ.

ಕರಾರಿನಲ್ಲಿ ಜಗಳಕ್ಕೆ ನಿಲ್ಲಬೇಕಾದ್ದು ಒಂದೇ ಕಲಂ: ಪ್ರಕಟಣೆಗೆ ಮುಂಚಿನ ಪರಿಶೀಲನೆ. 30 ದಿನ ಕೊಡಿ, ಗೋಪ್ಯ ವ್ಯಾಪಾರ ಮಾಹಿತಿ ಇದೆಯಾ ಅಂತ ನೋಡೋಕೆ ಮಾತ್ರ. "ಕಂಪನಿಯ ಒಪ್ಪಿಗೆಯ ನಂತರ" ಅನ್ನೋ ಪದ ಇದ್ದರೆ ಸಹಿ ಹಾಕಬೇಡಿ, ಅದು ಪ್ರಬಂಧವನ್ನ ತಡೆಯೋ ಅಧಿಕಾರ. ಮತ್ತೆ, ಸಂಪರ್ಕದ ವ್ಯಕ್ತಿ ಕೆಲಸ ಬಿಟ್ಟು ಹೋದರೆ ಮುಂದೆ ಯಾರು ಅನ್ನೋದನ್ನೂ ಬರೆಸಿಕೊಳ್ಳಿ. ಇಂಥ ಸಹಯೋಗಗಳು ಹೆಚ್ಚಾಗಿ ನಿಲ್ಲೋದು ಅಲ್ಲೇ.

ಅಂಕಿಹುಳು

ಎಲ್ಲರಿಗೂ ಧನ್ಯವಾದ. ಹಾಗಾದರೆ ಈವ್ ಅನ್ನ ಪೂರ್ತಿ ಮಾಡಿ, ವಾರ್‌ಕ್ರಾಫ್ಟ್ ಅನ್ನ ಬೆಲೆಗಳಿಗಷ್ಟೇ ಸೀಮಿತ ಮಾಡ್ತೀನಿ. ಒಂದು ಕೊನೇ ಅನುಮಾನ: ವಾರ್‌ಕ್ರಾಫ್ಟ್‌ನಲ್ಲಿ ಒಂದು ಬಾಟ್ (ತಾನಾಗಿ ಆಡೋ ಪ್ರೋಗ್ರಾಂ) ನಿಲ್ಲಿಸಿ ಚಾಟ್‌ನಲ್ಲಿ ನಡೆಯೋ ವ್ಯಾಪಾರವನ್ನೂ ದಾಖಲಿಸಬಹುದಾ?

ಕರಾರುಪತ್ರ

ಬಾಟ್ ಬೇಡ, ನಿಯಮ ಉಲ್ಲಂಘನೆ, ಖಾತೆ ಹೋಗುತ್ತೆ. ಆಮೇಲೆ ಅದೇ ಕಂಪನಿಗೆ ಪತ್ರ ಬರೆಯೋ ಮುಖ ಇರಲ್ಲ. ಆಟಗಾರ ಕೂತಿರುವಾಗ ಆಟದ್ದೇ ಚಾಟ್ ಲಾಗ್ ಆಜ್ಞೆ ಕೊಟ್ಟರೆ ಕಡತ ಬರೆದುಕೊಳ್ಳುತ್ತೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಆ ಕಡತದಲ್ಲಿ ಪಾತ್ರಗಳ ಹೆಸರಿರುತ್ತೆ, ಮಾತಾಡಿದವರು ಒಪ್ಪಿಗೆ ಕೊಟ್ಟಿಲ್ಲ. ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಮೊದಲು ತಗೊಳ್ಳಿ, ವಸ್ತು ಮತ್ತು ಬೆಲೆ ಮಾತ್ರ ಉಳಿಸಿ ಹೆಸರಿನ ಭಾಗವನ್ನ ಅದೇ ದಿನ ಅಳಿಸಿ.

ಸಂತೆಲೆಕ್ಕ

ಚಾಟ್‌ನಲ್ಲಿ ಹೇಳಿದ ಬೆಲೆಯೂ ಕೇಳಿದ ಬೆಲೆಯೇ, ಅಲ್ಲಿಯೂ ಮಾರಾಟ ಕಾಣಲ್ಲ. ಅಷ್ಟು ಶ್ರಮಕ್ಕೆ ಬದಲು ಈವ್‌ನಲ್ಲಿ ಅಮಾರ್ ಮತ್ತು ಡೋಡಿಕ್ಸಿ ಅನ್ನೋ ಬೇರೆ ವ್ಯಾಪಾರ ಕೇಂದ್ರಗಳು ಇರೋ ವಲಯಗಳನ್ನ ಸೇರಿಸಿ, ಜೀಟಾ ಬೆಲೆ ಅಲ್ಲಿಗೆ ತಲುಪೋಕೆ ಎಷ್ಟು ದಿನ ಹಿಡಿಯುತ್ತೆ ಅಂತ ನೋಡಿ.