ಆಫ್ರಿಕಾದ ಹಳೆ ಹಾಡುಗಳ ಮರುಮುದ್ರಣ: ಒಂದೇ ಹಾಡಿಗೆ ಎರಡು ಶ್ರುತಿ ಯಾಕೆ? ಕೊಳ್ಳುವ ಮುಂಚೆ ಏನು ನೋಡಬೇಕು?

ತಿರುಗುತಟ್ಟೆ:

1970ರ ದಶಕದ ಪಶ್ಚಿಮ ಆಫ್ರಿಕಾದ ಒಂದು ಹಾಡು ಎರಡು ಮರುಮುದ್ರಣಗಳಲ್ಲಿ, ಅಂದರೆ ಮತ್ತೆ ಒತ್ತಿದ ಗ್ರಾಮಫೋನ್ ತಟ್ಟೆಗಳಲ್ಲಿ, ಸಿಕ್ಕಿದೆ. ಒಂದು ಹಳೆಯ ಸಂಕಲನ, ಇನ್ನೊಂದು ಈಚೆಗೆ ಬಂದ ಪೂರ್ತಿ ಆಲ್ಬಂ. ಹೊಸದರಲ್ಲಿ ಶ್ರುತಿ ಹೆಚ್ಚುಕಮ್ಮಿ ಅರ್ಧ ಸ್ವರಸ್ಥಾನ ಏರಿದೆ, ಓಟವೂ ಚುರುಕು. ಪಟಪಟ ಸದ್ದು ಚೂರೂ ಇಲ್ಲ, ಆದರೆ ಶೆಕೆರೆಯ (ಮಣಿ ಹೆಣೆದ ಬುರುಡೆ ವಾದ್ಯ) ಝಲ್ ಎನ್ನುವ ನಾದವೂ ಇಲ್ಲ; ಮಣಿಗಳಿಗೆ ಬಟ್ಟೆ ಸುತ್ತಿ ಅಲ್ಲಾಡಿಸಿದ ಹಾಗಿದೆ. ಹಳೆಯದರಲ್ಲಿ ಗೀರಿನ ಸದ್ದುಂಟು, ಹಾಡು ಮಾತ್ರ ಜೀವಂತ.

ತಿಳಿದವರು ಹೇಳಿ: ಯಾವ ವೇಗ ಸರಿ ಅಂತ ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ಲಕೋಟೆಯ ಮೇಲೆ "ರೀಮಾಸ್ಟರ್ಡ್" ಅಂದರೆ ಮೂಲ ಟೇಪಿನಿಂದಲೇ ತೆಗೆದದ್ದು ಅಂತಲೇ? ಕಲಾವಿದರಿಗೆ ದುಡ್ಡು ಮುಟ್ಟಿದೆಯೋ ಇಲ್ಲವೋ ತಿಳಿಯುವ ದಾರಿ ಇದೆಯೇ? ಕೊನೆಗೆ, ಚೆನ್ನಾಗಿ ಮಾಡಿದ ಮರುಮುದ್ರಣ ಹೇಗಿರುತ್ತದೆ ಅಂತ ಕಿವಿಗೆ ರೂಢಿಯಾಗಲು ಯಾವುದರಿಂದ ಶುರು ಮಾಡಲಿ?

ಮುಳ್ಳುಮೊನೆ:

ವೇಗದ ವಿಷಯದಲ್ಲಿ ಕಿವಿಯನ್ನು ನಂಬಬೇಡಿ. ಮೂರು ಪರ್ಸೆಂಟ್ ಆಚೀಚೆ ಆದರೂ ಗಾಯಕರ ಕಂಠ ಸಹಜವಾಗಿಯೇ ಕೇಳುತ್ತದೆ. ಹಿಡಿಯಬೇಕಾದದ್ದು ರೆಕಾರ್ಡಿಂಗಿನ ಒಳಗೆ ಸೇರಿಕೊಂಡಿರುವ ಕರೆಂಟಿನ ಗುಂಯ್ ಸದ್ದು. ನೈಜೀರಿಯಾ, ಘಾನಾ, ಬೆನಿನ್, ಗಿನಿ, ಇಥಿಯೋಪಿಯಾ, ಕೆನ್ಯಾ ಎಲ್ಲ ಕಡೆ ಕರೆಂಟು 50 ಹರ್ಟ್ಸ್. ಗಿಟಾರ್ ಆಂಪ್ಲಿಫೈಯರಿನ ಗುಂಯ್ ಮೈಕಿಗೆ ಬಿದ್ದು ಟೇಪಿನಲ್ಲಿ ಉಳಿದಿರುತ್ತದೆ. ಟೇಪು ವೇಗವಾಗಿ ಓಡಿದರೆ ಅದೂ ಅದೇ ಪ್ರಮಾಣದಲ್ಲಿ ಮೇಲೇರುತ್ತದೆ.

ಮಾಡುವ ಕ್ರಮ ಇಷ್ಟು. ಮೊದಲು ನಿಮ್ಮ ಟರ್ನ್‌ಟೇಬಲ್ ವೇಗ ಸರಿ ಇದೆಯೇ ನೋಡಿ. 3150 ಹರ್ಟ್ಸ್ ಟೆಸ್ಟ್ ರೆಕಾರ್ಡು ಹಾಕಿ, ಅಳತೆ 3150 ಬರಬೇಕು. ಆಮೇಲೆ ಹಾಡನ್ನು ವೇವ್ ಫೈಲಾಗಿ ತೆಗೆದುಕೊಂಡು ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ವಾದ್ಯ ಶುರುವಾಗುವ ಮುಂಚಿನ ಒಂದೆರಡು ಸೆಕೆಂಡು ಅಥವಾ ಕೊನೆಯ ಸ್ವರ ಅಡಗಿದ ಮೇಲಿನ ತುಣುಕು ಆರಿಸಿ, ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಗಾತ್ರ 65536 ಇಡಿ. 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 0.7 ಹರ್ಟ್ಸ್ ಸೂಕ್ಷ್ಮತೆ ಸಿಗುತ್ತದೆ. 50ರ ಹತ್ತಿರ ಬಾಸ್ ಗಿಟಾರು, ಡ್ರಮ್ಮಿನ ಉಳಿಕೆ ಎಲ್ಲ ಕಲಸಿಕೊಂಡಿರುತ್ತವೆ, ಹಾಗಾಗಿ ಮೂರನೇ ಗುಣಕ 150ರ ಹತ್ತಿರ ನೋಡಿ. ಅಲ್ಲಿ ವ್ಯತ್ಯಾಸವೂ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. 154.5 ಬಂದರೆ ವೇಗ 3 ಪರ್ಸೆಂಟ್ ಜಾಸ್ತಿ, ಅಂದರೆ ನೀವು ಹೇಳಿದ ಅರ್ಧ ಸ್ವರಸ್ಥಾನ. ಪೂರ್ತಿ ಒಂದು ಸ್ವರಸ್ಥಾನ ಏರಬೇಕಾದರೆ ಸುಮಾರು 6 ಪರ್ಸೆಂಟ್ ಬೇಕು.

ಹೆಚ್ಚಿನವರು ಎಡವುವುದು ಇಲ್ಲಿ: ನಿಮ್ಮ ಫೋನೋ ಸ್ಟೇಜಿನ (ಮುಳ್ಳಿನಿಂದ ಬರುವ ಸಣ್ಣ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆ) ಅರ್ಥಿಂಗ್ ಸರಿ ಇಲ್ಲದಿದ್ದರೆ ಅದರದ್ದೇ ಗುಂಯ್ ಸರಿಯಾಗಿ 50, 150ರಲ್ಲಿ ಕೂತು "ವೇಗ ಸರಿಯಾಗಿದೆ" ಅಂತ ಸುಳ್ಳು ಹೇಳುತ್ತದೆ. ಮುಳ್ಳು ಎತ್ತಿಟ್ಟು ಹತ್ತು ಸೆಕೆಂಡು ರೆಕಾರ್ಡ್ ಮಾಡಿ ಹೋಲಿಸಿ. ಅಲ್ಲೂ ಅದೇ ಗೆರೆ ಇದ್ದರೆ ಅದು ನಿಮ್ಮ ಮನೆಯದ್ದು.

ವೇಗ ಸರಿಯಿದ್ದೂ ಶ್ರುತಿ ತೂಗಾಡುತ್ತಿದ್ದರೆ ಅದು ಬೇರೆ ರೋಗ, ತಟ್ಟೆಯ ತೂತು ನಡುವಿಗೆ ಇಲ್ಲ. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು, ಶ್ರುತಿ ಅದೇ ಅವಧಿಗೆ ಏರಿಳಿದರೆ ಅನುಮಾನವೇ ಬೇಡ. ತೂತು 1 ಮಿಲಿಮೀಟರ್ ಸರಿದಿದ್ದರೆ ತಟ್ಟೆಯ ನಡುಭಾಗದಲ್ಲಿ ಆಚೀಚೆ 1 ಪರ್ಸೆಂಟ್, ಲೇಬಲ್ ಹತ್ತಿರ ಬಂದಂತೆ ಇನ್ನೂ ಹೆಚ್ಚು. ಹಳೆಯ 45ರ (ನಿಮಿಷಕ್ಕೆ 45 ಸುತ್ತಿನ) ತಟ್ಟೆಗಳಲ್ಲಿ ಇದು ಮಾಮೂಲು, ಅದರಿಂದ ನಕಲಿಸಿದ ಮರುಮುದ್ರಣಕ್ಕೂ ಹಾಗೇ ದಾಟಿರುತ್ತದೆ.

ಟೇಪುಸುರುಳಿ:

"ರೀಮಾಸ್ಟರ್ಡ್" ಅನ್ನುವ ಪದ ಮೂಲದ ಬಗ್ಗೆ ಏನೂ ಹೇಳುವುದಿಲ್ಲ. ಕ್ಯಾಸೆಟ್ಟಿನಿಂದ ತೆಗೆದು ತಿದ್ದಿದರೂ ಅದು ರೀಮಾಸ್ಟರೇ. ಜೊತೆಗೆ ಬರುವ ಪುಸ್ತಿಕೆಯಲ್ಲಿ "ಮೂಲ ಅನಲಾಗ್ ಟೇಪಿನಿಂದ" ಎಂಬ ಸಾಲು ಇದೆಯೇ, ಇಲ್ಲದಿದ್ದರೆ ಯಾವುದರಿಂದ ಅಂತ ಬರೆದಿದ್ದಾರೆಯೇ ನೋಡಿ. ತಟ್ಟೆಯಿಂದ ತೆಗೆದದ್ದು ತಪ್ಪೇನಲ್ಲ. ಎಷ್ಟೋ ಟೇಪುಗಳು ಉಳಿದೇ ಇಲ್ಲ. ಘಾನಾದ ಗಾಯಕ ಆಟಾ ಕಾಕ್ ಅವರ ಕ್ಯಾಸೆಟ್ 2015ರಲ್ಲಿ ಮತ್ತೆ ಬಂದಾಗ ಮೂಲ ಡ್ಯಾಟ್ (ಡಿಜಿಟಲ್ ಟೇಪು) ಹಾಳಾಗಿತ್ತು, ಉಳಿದಿದ್ದ ಕ್ಯಾಸೆಟ್ ಪ್ರತಿಯನ್ನೇ ನೆಚ್ಚಬೇಕಾಯಿತು. ತಪ್ಪು ಆಗುವುದು ಅದನ್ನು ಮುಚ್ಚಿಟ್ಟಾಗ.

ಟೇಪು ಸಿಕ್ಕಿದರೂ ಕೆಲಸ ಸುಲಭವಲ್ಲ. 1970ರ ದಶಕದ ಕೆಲವು ಟೇಪುಗಳಲ್ಲಿ, ಉದಾಹರಣೆಗೆ ಆಂಪೆಕ್ಸ್ 406 ಮತ್ತು 456ರಲ್ಲಿ, ಸದ್ದು ದಾಖಲಾಗುವ ಕಾಂತೀಯ ಪುಡಿಯನ್ನು ಹಿಡಿದಿಡುವ ಪಾಲಿಯುರಿಥೇನ್ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಕಿರ್ ಅಂತ ಕೂಗಿ, ಕಂದು ಪುಡಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅದರ ಜೊತೆಗೆ ಹಾಡೂ ಹೋಗುತ್ತದೆ. ಕಾಲು ಇಂಚಿನ ಟೇಪನ್ನು ಸುಮಾರು 50ರಿಂದ 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಕಾಯಿಸಿ, ಪೂರ್ತಿ ಆರಿದ ಮೇಲೆ, ಕೆಲವು ವಾರಗಳೊಳಗೆ ನಕಲು ತೆಗೆಯಬೇಕು. ಆದರೆ ಹಳೆಯ ಅಸಿಟೇಟ್ ಟೇಪನ್ನು ಕಾಯಿಸಲೇಬಾರದು, ಸುರುಟಿ ಹಾಳಾಗುತ್ತದೆ. ಸುರುಳಿಯನ್ನು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ: ಅಸಿಟೇಟ್ ಆದರೆ ಬೆಳಕು ತೂರಿ ಬರುತ್ತದೆ, ಪಾಲಿಯೆಸ್ಟರ್ ಆದರೆ ಇಲ್ಲ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ ಅಂತಲೇ ತಿಳಿಯಿರಿ.

ನಿಮ್ಮ ಶೆಕೆರೆ ಸತ್ತದ್ದಕ್ಕೆ ಕಾರಣ ಪಟಪಟ ತೆಗೆಯುವ ಸಾಫ್ಟ್‌ವೇರನ್ನು ಮಿತಿಮೀರಿ ಬಳಸಿದ್ದು. ಗೀರಿನ ಸದ್ದು ಒಂದು ಮಿಲಿಸೆಕೆಂಡಿಗೂ ಕಡಿಮೆ ಅವಧಿಯ ಚೂಪು ಏರಿಕೆ. ಬುರುಡೆಗೆ ಬಡಿಯುವ ಮಣಿಯದ್ದೂ ಹಾಗೇ, ಟ್ರಂಪೆಟ್ಟಿನ ಅಲೆಯ ತುದಿಯೂ ಹಾಗೇ. ಯಂತ್ರಕ್ಕೆ ಮೂರೂ ಒಂದೇ. ಪಶ್ಚಿಮ ಆಫ್ರಿಕಾದ ಆಫ್ರೋಬೀಟ್, ಹೈಲೈಫ್ ಸಂಗೀತದಲ್ಲಿ ಈ ಎರಡು ವಾದ್ಯಗಳು ಬಿಟ್ಟೇ ಇರುವುದಿಲ್ಲ, ಅದಕ್ಕೇ ಇಲ್ಲಿ ಹಾನಿ ಜಾಸ್ತಿ. ಕಿತ್ತುಹಾಕಿದ ಸದ್ದನ್ನಷ್ಟೇ ಬೇರೆಯಾಗಿ ಕೇಳಿಸುವ ಸೌಲಭ್ಯ ಆ ಸಾಫ್ಟ್‌ವೇರುಗಳಲ್ಲಿ ಇರುತ್ತದೆ. ಅದರಲ್ಲಿ ತಾಳ ಗುರುತು ಸಿಕ್ಕಿದರೆ ಸಂಗೀತವೇ ಹೋಗುತ್ತಿದೆ ಅಂತ ಅರ್ಥ. ಸರಿಯಾದ ಕ್ರಮ ಬೇರೆ: ಮೊದಲು ತಟ್ಟೆ ತೊಳೆಯಬೇಕು, ಆಮೇಲೆ ಒಂದಕ್ಕಿಂತ ಹೆಚ್ಚು ಗಾತ್ರದ ಮುಳ್ಳು ಹಾಕಿ ನೋಡಬೇಕು. ಮಾಮೂಲಿ 18 ಮೈಕ್ರಾನ್ ಮುಳ್ಳು ಓಡಿ ಸವೆದ ಜಾಗ ಬಿಟ್ಟು, 25 ಮೈಕ್ರಾನ್ ಮೋನೋ ಮುಳ್ಳು ತಟ್ಟೆಯ ಗೆರೆಯ ಗೋಡೆಯಲ್ಲಿ ಇನ್ನೂ ಮೇಲೆ ಕೂರುತ್ತದೆ, ಅಲ್ಲಿ ಸವೆತ ಕಡಿಮೆ. ಉಳಿದ ದೊಡ್ಡ ಗೀರುಗಳನ್ನು ಒಂದೊಂದಾಗಿ ಕೈಯಲ್ಲೇ ತಿದ್ದಬೇಕು. ದಿನಗಟ್ಟಲೆ ಹಿಡಿಯುವ ಕೆಲಸ, ಆದರೆ ಹಾಡು ಉಳಿಯುವುದು ಹಾಗೆಯೇ.

ಎಲ್ಲ ಒರಟುತನಕ್ಕೂ ಮರುಮುದ್ರಣವನ್ನೇ ದೂರಬೇಡಿ. ಬೆನಿನ್‌ನ ಆರ್ಕೆಸ್ಟ್ರ್ ಪಾಲಿ-ರಿದ್ಮೋ ತಂಡದ ಹಾಡುಗಳನ್ನು ಅನಲಾಗ್ ಆಫ್ರಿಕಾ ಲೇಬಲ್ ಮೂರು ಸಂಪುಟಗಳಲ್ಲಿ ತಂದಿದೆ, ಮೊದಲ ಎರಡನ್ನು ನೋಡಿ. 2008ರ ಮೊದಲನೆಯದರಲ್ಲಿ ಇರುವುದು ಚಿಕ್ಕ ಲೇಬಲ್‌ಗಳಿಗೆ ಕೊತೊನೂನಲ್ಲಿ ನಾಗ್ರಾ ಟೇಪ್ ಯಂತ್ರ, ಒಂದೆರಡು ಮೈಕು ಇಟ್ಟು ಮಾಡಿದ ಧ್ವನಿಮುದ್ರಣ. 2009ರ ಎರಡನೆಯದರಲ್ಲಿ ಅಲ್ಬರಿಕಾ ಸ್ಟೋರ್ ಲೇಬಲ್ಲಿಗಾಗಿ ಲಾಗೋಸಿನ ಇಎಂಐ ಸ್ಟುಡಿಯೋದಲ್ಲಿ ಮಾಡಿದ್ದು. ಒಂದರ ಹಿಂದೆ ಒಂದು ಕೇಳಿ. ಮೊದಲನೆಯದರ ಬಿರುಸು ಆ ಕೋಣೆಯದ್ದು, ಅದನ್ನು ನುಣ್ಣಗೆ ಮಾಡಬಾರದು.

ತಿರುಗುತಟ್ಟೆ:

ಅಳೆದೆ. ಹೊಸ ಆಲ್ಬಮ್ಮಿನಲ್ಲಿ 154.4ರ ಹತ್ತಿರ ಒಂದು ಗೆರೆ, 60ರಲ್ಲಿ ಇನ್ನೊಂದು ಸಣ್ಣ ಗೆರೆ. ಹಳೆಯ ಸಂಕಲನದಲ್ಲಿ 150ರ ಹತ್ತಿರ ಒಂದೇ. ಮುಳ್ಳು ಎತ್ತಿದಾಗ ಎರಡೂ ಇಲ್ಲ. ಈ 60 ಎಲ್ಲಿಂದ ಬಂತು?

ಮುಳ್ಳುಮೊನೆ:

ಟೇಪೋ ತಟ್ಟೆಯೋ, ಅದನ್ನು ನಕಲು ತೆಗೆದ ಜಾಗದ ಕರೆಂಟು 60 ಹರ್ಟ್ಸ್ ಅಂತ ಕಾಣುತ್ತದೆ, ಅಮೆರಿಕದಲ್ಲಿ ಹಾಗಿದೆ. ಆ ಗೆರೆ ನಕಲಿನ ಸಮಯದಲ್ಲಿ ಸೇರಿದ್ದು, ಆದ್ದರಿಂದ ಕದಲಿಲ್ಲ. 154.4 ಮಾತ್ರ ಹಾಡಿನ ಜೊತೆ ಹುಟ್ಟಿದ್ದು. ವೇಗ ಕೆಟ್ಟಿರುವುದು ಮೂಲದಲ್ಲಿ ಅಥವಾ ನಕಲು ತೆಗೆಯುವಾಗ, ಅದಾದ ಮೇಲಲ್ಲ. ಆಡಾಸಿಟಿಯಲ್ಲಿ ವೇಗವನ್ನು 2.85 ಪರ್ಸೆಂಟ್ ಇಳಿಸಿ. ಶ್ರುತಿ ಮಾತ್ರ ಬದಲಿಸುವ ಆಯ್ಕೆ ಬೇಡ, ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೆ ಇಳಿಯಬೇಕು.

ಒಂದು ಎಚ್ಚರಿಕೆ. ಸ್ಟುಡಿಯೋ ಜನರೇಟರಿನ ಮೇಲೆ ನಡೆದಿದ್ದರೆ ಗುಂಯ್ ಸರಿಯಾಗಿ 50ರಲ್ಲಿ ಇರಬೇಕೆಂದಿಲ್ಲ. ಇನ್ನೊಂದು ಸಾಕ್ಷಿ ಬೇಕು. ಹ್ಯಾಮಂಡ್ ಆರ್ಗನ್ ಸಾಕ್ಷಿಗೆ ಬರುವುದಿಲ್ಲ, ಹಳೆಯ ಹ್ಯಾಮಂಡಿನ ಮೋಟಾರು ಕರೆಂಟಿನ ಹರ್ಟ್ಸ್‌ಗೆ ತಕ್ಕಂತೆ ತಿರುಗುವುದರಿಂದ ಅದೂ ಜೊತೆಗೇ ಜಾರುತ್ತದೆ. ಮರದ ಪಟ್ಟಿಗಳ ಬಾಲಾಫೋನೂ ಬೇಡ, ಅದರ ಸ್ವರಗಳಿಗೆ ತಮ್ಮದೇ ಅಂತರ ಇರುತ್ತದೆ. ವೈಬ್ರಫೋನ್ ಇದ್ದರೆ ಒಳ್ಳೆಯದು, ಲೋಹದ ಪಟ್ಟಿಯ ಶ್ರುತಿ ಕದಲುವುದಿಲ್ಲ. ಸ್ಯಾಕ್ಸೊಫೋನು, ಟ್ರಂಪೆಟ್ಟಿನ ಶ್ರುತಿ ಮಾಮೂಲಿ ಎ = 440 ಹರ್ಟ್ಸ್‌ನ ಆಸುಪಾಸು ಇದ್ದರೂ ಸರಿ. ನಿಮ್ಮ ವಿಷಯದಲ್ಲಿ ಹಳೆಯ ಸಂಕಲನವೂ 150 ಅನ್ನುತ್ತಿರುವುದರಿಂದ ಅದನ್ನೇ ನಂಬುತ್ತೇನೆ.

ಹಕ್ಕುಪತ್ರ:

ದುಡ್ಡಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಇಲ್ಲಿ ಹಕ್ಕು ಒಂದಲ್ಲ. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಹಳೆಯ ಲೇಬಲ್ಲಿನದು ಅಥವಾ ಅದರ ವಾರಸುದಾರರದು. ರಚನೆಯ ಹಕ್ಕು ಹಾಡು ಕಟ್ಟಿದವರದು, ಅದು ಮಾಲಿಯ ಬುಮ್ಡಾ, ಘಾನಾದ ಗಾಮ್ರೋದಂಥ ಸಂಸ್ಥೆಗಳ ಮೂಲಕ ನಡೆಯುತ್ತದೆ. ನುಡಿಸಿದವರು ಬಹಳ ಸಲ ಒಂದೇ ಸಲದ ಕೂಲಿ ಪಡೆದು ಹೋದವರು, ಕಾಗದಪತ್ರದಲ್ಲಿ ಅವರ ಹೆಸರೇ ಇರುವುದಿಲ್ಲ. ಲೇಬಲ್ಲಿಗೆ ಮಾತ್ರ ದುಡ್ಡು ಕೊಟ್ಟ ಮರುಮುದ್ರಣ ಕಾನೂನಿಗೆ ಸರಿ ಇರಬಹುದು, ಗಾಯಕರ ಮನೆಗೆ ಬಿಡಿಕಾಸೂ ಹೋಗಿರದೆ ಇರಬಹುದು. ಹಾಗಾಗಿ ಹಿಂಬದಿಯಲ್ಲಿ "ಇಂಥವರ ಪರವಾನಗಿಯಿಂದ" ಎಂಬಲ್ಲಿ ಯಾರ ಹೆಸರಿದೆ ಓದಿ: ವ್ಯಕ್ತಿಯೇ, ಕುಟುಂಬವೇ, ಕಂಪನಿಯೇ? ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ ಎಂಬ ಲೇಬಲ್ ಲಾಭವನ್ನು ಕಲಾವಿದರ ಜೊತೆ ಸಮಪಾಲು ಹಂಚಿಕೊಳ್ಳುವುದಾಗಿ ಬಹಿರಂಗವಾಗಿಯೇ ಹೇಳಿದೆ. ಅಂಥ ಮಾತು ಎಲ್ಲೂ ಇಲ್ಲದಿದ್ದರೆ ಲೇಬಲ್ಲಿಗೆ ಪತ್ರ ಬರೆದು ಕೇಳಿ. ನೆಟ್ಟಗೆ ಕೆಲಸ ಮಾಡುವವರು ಉತ್ತರ ಕೊಡುತ್ತಾರೆ.

ಕಳ್ಳಮುದ್ರಣದ ಗುರುತುಗಳು: ಪರವಾನಗಿಯ ಸಾಲಿಲ್ಲ, ವಿಳಾಸವಿಲ್ಲ, ಹಳೆಯ ಲಕೋಟೆಯನ್ನು ಸ್ಕ್ಯಾನ್ ಮಾಡಿದ್ದರಿಂದ ಅಕ್ಷರದ ಅಂಚು ಮಸುಕು, ಒಳಗೆ ಒಂದು ಹಾಳೆ ಬರಹವೂ ಇಲ್ಲ. ಸ್ಪೆಕ್ಟ್ರಮ್‌ನಲ್ಲಿ 16 ಕಿಲೋಹರ್ಟ್ಸ್ ದಾಟುತ್ತಲೇ ಗೋಡೆ ಕಟ್ಟಿದಂತೆ ಎಲ್ಲ ನಿಂತುಹೋಗಿದ್ದರೆ, ಎಂಪಿ3 ಇಳಿಸಿಕೊಂಡು ತಟ್ಟೆಗೆ ಹಾಕಿದ್ದಾರೆ ಅಂತ ಬಲವಾದ ಅನುಮಾನ ಪಡಬಹುದು. ಹಳೆಯ ಕ್ಯಾಸೆಟ್ಟಿನಲ್ಲಿಯೂ ಮೇಲಿನ ಸದ್ದು ಕಡಿಮೆಯೇ, ಆದರೆ ಅದು ಇಳಿಜಾರಾಗಿ ಇಳಿಯುತ್ತದೆ, ಕಡಿದಂತೆ ನಿಲ್ಲುವುದಿಲ್ಲ.

ಟೇಪುಸುರುಳಿ:

ಶುರು ಮಾಡಲು ನನ್ನ ಆಯ್ಕೆ: ಜಾಂಬಿಯಾದ ಅಮನಾಜ್ ತಂಡದ 1975ರ "ಆಫ್ರಿಕಾ" ಆಲ್ಬಂ, ನೌ-ಅಗೇನ್ ಲೇಬಲ್ಲಿನದು. ಅದೇ ಹಾಡುಗಳ ಎರಡು ಮಿಕ್ಸ್ ಅದರಲ್ಲಿವೆ, ಒಂದು ಒಣದು, ಇನ್ನೊಂದು ಪ್ರತಿಧ್ವನಿ ತುಂಬಿದ್ದು. ಮಿಕ್ಸ್ ಬದಲಾದರೆ ಹಾಡು ಎಷ್ಟು ಬದಲಾಗುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ತಿಳಿಯುವುದಿಲ್ಲ. ಇಥಿಯೋಪಿಯಾದ ಮುಲಾತು ಅಸ್ತಾತ್ಕೆಯವರ 1972ರ ಆಲ್ಬಮ್ಮನ್ನು ಸ್ಟ್ರಟ್ ಲೇಬಲ್ 2017ರಲ್ಲಿ ತಂದಾಗ ಮೂರು ತಟ್ಟೆಯ ಆವೃತ್ತಿಯಲ್ಲಿ ಸ್ಟೀರಿಯೋ, ಮೋನೋ ಎರಡನ್ನೂ ಕೊಟ್ಟಿದೆ. ಅದರಲ್ಲಿ ವೈಬ್ರಫೋನ್ ಇರುವುದರಿಂದ ಮೇಲೆ ಹೇಳಿದ ಪರೀಕ್ಷೆಗೂ ಒಳ್ಳೆಯದು. ಕಾಂಗೋದ ಗಿಟಾರ್ ವಾದಕ ಫ್ರಾಂಕೊ ಅವರನ್ನು ಕೇಳಲು ಸ್ಟರ್ನ್ಸ್ ಲೇಬಲ್ಲಿನ "ಫ್ರಾಂಕೋಫೋನಿಕ್" ಎರಡು ಸಂಪುಟಗಳು, 1953ರಿಂದ 1980, 1980ರಿಂದ 1989. ಕಾಂಗೋದ 45ಗಳಲ್ಲಿ ಉದ್ದದ ಹಾಡನ್ನು ಎರಡು ಬದಿಗೆ ಮುರಿದು ಹಾಕುತ್ತಿದ್ದರು. ಗಿಟಾರುಗಳು ಹೆಣೆದುಕೊಳ್ಳುವ ಸೆಬೆನ್ ಭಾಗ ಎರಡನೇ ಬದಿಗೆ ಬೀಳುವುದು ಸಾಮಾನ್ಯ. ಸಂಕಲನ ಯಾವುದೇ ಇರಲಿ, ಎರಡೂ ಬದಿ ಸೇರಿಸಿದ್ದಾರೆಯೇ ಅಂತ ನಿಮಿಷ ನೋಡಿ ಕೊಳ್ಳಿ.

ಗಿನಿಯ ಸಂಗೀತಕ್ಕೆ ಮಾತ್ರ ದುಡ್ಡು ಕೊಡುವ ಮುಂಚೆ ಬ್ರಿಟಿಷ್ ಲೈಬ್ರರಿಯ ಕಡತಕೋಶ ನೆನಪಿಡಿ. ಕೊನಾಕ್ರಿಯ ರೇಡಿಯೋ ಕೇಂದ್ರ 1985ರ ವಿಫಲ ಸೇನಾ ದಂಗೆಯಲ್ಲಿ ಗುಂಡಿನ ದಾಳಿಗೆ ಸಿಕ್ಕಿತ್ತು, ಟೇಪುಗಳೆಲ್ಲ ಹೋದವು ಅಂತಲೇ ಅಂದುಕೊಂಡಿದ್ದರು. ಗ್ರೇಮ್ ಕೌನ್ಸೆಲ್ ಅವರು 2008ರಿಂದ 2013ರ ನಡುವೆ ಅಲ್ಲಿ ಉಳಿದದ್ದನ್ನು ಡಿಜಿಟಲ್ ಮಾಡಿದಾಗ 9,000ಕ್ಕೂ ಹೆಚ್ಚು ಹಾಡು ಸಿಕ್ಕವು. ಸಿಲಿಫೋನ್ ಲೇಬಲ್ಲಿನ ತಟ್ಟೆಗಳ ಜೊತೆಗೆ ಎಂದೂ ತಟ್ಟೆಗೆ ಬಾರದ ಸ್ಟುಡಿಯೋ ಟೇಪುಗಳೂ ಅದರಲ್ಲಿವೆ.